ಜಪಾನಿನ ಕಂಗೆಟ್ಟ ಹುಡುಗರ ಸಿನಿಮಾ ಎಲ್ಲಿಂದ ಶುರು ಮಾಡಲಿ?

ಜಪಾನಿನ ದಾರಿತಪ್ಪಿದ ಹುಡುಗರ ಸಿನಿಮಾ ನೋಡೋಣ ಅಂತ, ಕಲ್ಟ್ (ಹುಚ್ಚು ಅಭಿಮಾನಿಗಳಿರೋ ಚಿತ್ರ) ಅಂತ ಎಲ್ಲರೂ ಹೊಗಳ್ತಾರೆ ಅಂತ 'ಬರ್ಸ್ಟ್ ಸಿಟಿ' ಹಾಕಿದೆ, ತಲೆಬುಡ ತಿಳಿಯದೆ ಅರ್ಧಕ್ಕೇ ನಿಲ್ಲಿಸಿದೆ ಅಂದಿದ್ದೀರಿ. ತಪ್ಪು ನಿಮ್ಮದಲ್ಲ. ಸೋಗೋ ಇಶಿಯಿ 1982ರಲ್ಲಿ ತೆಗೆದ ಆ ಚಿತ್ರದಲ್ಲಿ ಕಥೆ ಬರೀ ನೆಪ. ದಿ ಸ್ಟಾಲಿನ್, ದಿ ರೂಸ್ಟರ್ಸ್ ಥರದ ಅಸಲಿ ಪಂಕ್ (ಅಬ್ಬರದ, ಬಂಡಾಯದ ರಾಕ್ ಸಂಗೀತ) ಬ್ಯಾಂಡ್‌ನವರನ್ನೇ ಕರೆತಂದು ಕ್ಯಾಮೆರಾ ಮುಂದೆ ಬಿಟ್ಟಿದ್ದಾರೆ. ಮೊದಲ ಸಲ ನನಗೂ ತಲೆನೋವೇ ಬಂದಿತ್ತು.

ನೀವು ತೊಶಿಯಾಕಿ ತೊಯೊದಾ ಅವರ 'ಬ್ಲೂ ಸ್ಪ್ರಿಂಗ್' (2001) ನೋಡಿ. ಒಂದೂವರೆ ಗಂಟೆಯೂ ಇಲ್ಲ. ಗೋಡೆ ತುಂಬ ಗೀಚಿಟ್ಟ ಒಂದು ಗಂಡುಹುಡುಗರ ಹೈಸ್ಕೂಲು. ಅಲ್ಲಿ ಒಂದು ಆಟ: ತಾರಸಿಯ ಕಂಬಿಯಿಂದ ಆಚೆ ನಿಂತು, ಹಿಡಿದ ಕೈ ಬಿಟ್ಟು, ಚಪ್ಪಾಳೆ ತಟ್ಟಿ, ಬೀಳೋ ಮುಂಚೆ ಮತ್ತೆ ಕಂಬಿ ಹಿಡಿಯಬೇಕು. ಹೆಚ್ಚು ತಟ್ಟಿದವನೇ ಶಾಲೆಗೆ ದಾದಾ. ಕುಜೋ ಎಂಟು ತಟ್ಟಿ ಗೆಲ್ಲುತ್ತಾನೆ. ಗೆದ್ದ ಮೇಲೆ ನೋಡಿದರೆ ಆ ದಾದಾಗಿರಿ ಅವನಿಗೆ ಬೇಡವೇ ಬೇಡ. ಬೇಕಾಗಿರೋದು ಅವನ ಗೆಳೆಯ ಆಓಕಿಗೆ. ಇಡೀ ಸಿನಿಮಾ ಇಷ್ಟೇ. ಒಂದು ಕಡೆ ಆಓಕಿ ತಾರಸಿ ಮೇಲೆ ಒಬ್ಬನೇ ನಿಂತಿರುತ್ತಾನೆ. ಕತ್ತಲಾಗುತ್ತೆ, ಬೆಳಗಾಗುತ್ತೆ, ಅವನು ಕದಲಲ್ಲ. ಆ ಶಾಟ್ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹೆಸರಲ್ಲೂ ಒಂದು ಚೇಷ್ಟೆ ಇದೆ. ಜಪಾನಿಯಲ್ಲಿ ಹರೆಯಕ್ಕೆ 'ಸೆಯ್‌ಶುನ್' ಅಂತಾರೆ. ಬರೆಯೋದು 'ನೀಲಿ', 'ವಸಂತ' ಅನ್ನೋ ಎರಡು ಅಕ್ಷರ ಕೂಡಿಸಿ. ತೈಯೋ ಮಾತ್ಸುಮೊತೊ ಅವರ ಮೂಲ ಮಾಂಗಾ (ಜಪಾನಿ ಕಾಮಿಕ್ಸ್) ಆ ಎರಡನ್ನೂ ಬಿಡಿಸಿ 'ಆಓಯ್ ಹಾರು' ಅಂತ ಹೆಸರಿಟ್ಟುಕೊಂಡಿದೆ.

ಆಮೇಲೆ ಕಿಯೋಶಿ ಕುರೋಸಾವಾ ಅವರ 'ಬ್ರೈಟ್ ಫ್ಯೂಚರ್' (2003). ('ಸೆವೆನ್ ಸಮುರಾಯ್' ತೆಗೆದ ಅಕಿರಾ ಕುರೋಸಾವಾಗೂ ಇವರಿಗೂ ನಂಟಿಲ್ಲ, ಎಲ್ಲರೂ ಕೇಳ್ತಾರೆ.) ಒದ್ದೆ ಟವೆಲ್ ಕಾರ್ಖಾನೆಯಲ್ಲಿ ದುಡಿಯೋ ಇಬ್ಬರು ಹುಡುಗರು, ಸಿಹಿನೀರಿಗೆ ಒಗ್ಗಿಸುತ್ತಿರೋ ಒಂದು ವಿಷದ ಜೆಲ್ಲಿಮೀನು. 'ಬರ್ಸ್ಟ್ ಸಿಟಿ'ಯ ಹುಡುಗರಿಗೆ ಪೊಲೀಸರಾದರೂ ಎದುರಿಗಿದ್ದರು, ಕಲ್ಲು ಹೊಡೆಯೋಕೆ. 90ರ ದಶಕದಲ್ಲಿ ಜಪಾನಿನ ಆರ್ಥಿಕ ಗುಳ್ಳೆ (ಷೇರು, ಜಮೀನಿನ ಬೆಲೆ ವಿಪರೀತ ಉಬ್ಬಿದ್ದು) ಒಡೆದು, ಓದು ಮುಗಿಸಿದವರಿಗೆ ಕಾಯಂ ಕೆಲಸವೇ ಸಿಗದಂತಾದ ಮೇಲಿನ ಈ ಹುಡುಗರಿಗೆ ಯಾರ ಮೇಲೆ ಸಿಟ್ಟು ಅನ್ನೋದೇ ಗೊತ್ತಿಲ್ಲ.

ಈ ಚಿತ್ರದ ಕೊನೆಯ ಶಾಟ್‌ಗೆ ಮುಂಚೆ ಮಾತ್ರ ಎದ್ದು ಹೋಗಬೇಡಿ. ಚೆ ಗೆವಾರಾ ಟೀ ಶರ್ಟ್ ತೊಟ್ಟ ಹೈಕಳ ಗುಂಪೊಂದು ಫುಟ್‌ಪಾತ್ ಮೇಲೆ ಖಾಲಿ ಡಬ್ಬ ಒದೀತಾ ಸುಮ್ಮನೆ ನಡೀತಾನೇ ಇರುತ್ತೆ.