ಅಮ್ಮನಿಗೆ ರುಮಟಾಯ್ಡ್ ಸಂಧಿವಾತ ಅಂತ ಗೊತ್ತಾಗಿದೆ, ಮನೆಯವರು ಏನು ಮಾಡಬಹುದು?

ಮೊದಲು, ಇದು ವಯಸ್ಸಾದಂತೆ ಬರುವ ಮಂಡಿನೋವು ಅಲ್ಲ ಅಂತ ಮನೆಯವರೆಲ್ಲ ತಿಳಿದುಕೊಳ್ಳಿ. ನಮ್ಮದೇ ರೋಗನಿರೋಧಕ ಶಕ್ತಿ ಕೀಲುಗಳ ಒಳಪದರದ ಮೇಲೆ ತಿರುಗಿಬೀಳುತ್ತದೆ. 30-40ರ ವಯಸ್ಸಿನವರಿಗೂ ಬರುತ್ತದೆ, ಗಂಡಸರಿಗಿಂತ ಹೆಂಗಸರಲ್ಲಿ 2-3 ಪಟ್ಟು ಜಾಸ್ತಿ. ಬೆಳಿಗ್ಗೆ ಬೆರಳು ಮಡಚಲಾಗದೆ ಒಂದು ಗಂಟೆ ಒದ್ದಾಡಿದವರು ಮಧ್ಯಾಹ್ನ ಆರಾಮಾಗಿ ರೊಟ್ಟಿ ತಟ್ಟಿದರೆ ನಾಟಕ ಅನ್ನಬೇಡಿ, ಈ ಕಾಯಿಲೆ ಇರುವುದೇ ಹಾಗೆ. ಸುಮ್ನೆ ನೋವಿನ ಮಾತ್ರೆ ನುಂಗುತ್ತಾ ಕೂತರೆ ಕೀಲು ಒಳಗೊಳಗೇ ಹಾಳಾಗುತ್ತದೆ, ರುಮಟಾಲಜಿಸ್ಟ್ (ಸಂಧಿವಾತದ ತಜ್ಞ ವೈದ್ಯರು) ಹತ್ತಿರ ಬೇಗ ಕರೆದುಕೊಂಡು ಹೋಗಿ. ಈ ಕಾಯಿಲೆ ಹತೋಟಿಗೆ ತರುವ ಮೆಥೊಟ್ರೆಕ್ಸೇಟ್ ಮಾತ್ರೆ ಬರೆದುಕೊಟ್ಟರೆ ಅದು ವಾರಕ್ಕೆ ಒಂದೇ ದಿನ, ದಿನಾ ಅಲ್ಲ! ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಅಪಾಯ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ. ಬಟ್ಟೆ ಹಿಂಡುವುದು, ಕುಕ್ಕರ್ ಮುಚ್ಚಳ ತೆಗೆಯುವುದು ನೀವೇ ಮಾಡಿ, ಅವರು ಕೇಳುವ ತನಕ ಕಾಯಬೇಡಿ.