ರಜೆ ಹಾಕಿದರೆ ನಿಮ್ಮ ಕೆಲಸ ಯಾರು ಮಾಡುತ್ತಾರೆ?

ಹೊರದೇಶಕ್ಕೆ ಬಂದು ಹೊಸದಾಗಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ್ದೀರಿ, ತಂಡದಲ್ಲಿ ಕೆಲಸ ಹಂಚುವ ಮ್ಯಾನೇಜರ್ ಇಲ್ಲ, ಮೂರು ವಾರ ಊರಿಗೆ ಹೋಗಬೇಕು, ನನ್ನ ಕೆಲಸ ಯಾರ ತಲೆಗೆ ಬೀಳುತ್ತದೋ ಅಂತ ಕೇಳಿದ್ದೀರಿ. ಲ್ಯಾಪ್‌ಟಾಪ್ ಜೊತೆಗೆ ಒಯ್ಯಬೇಕಾ ಅಂತಲೂ. ಬೇಡ, ಬಿಟ್ಟು ಹೋಗಿ.

ಸ್ಪ್ರಿಂಟ್‌ಗೆ, ಅಂದರೆ ಕೆಲವೇ ವಾರಗಳ ಒಂದು ಸುತ್ತಿಗೆ, ತೆಗೆದುಕೊಂಡ ಕೆಲಸ ಇಡೀ ತಂಡದ್ದು. ತಂಡದ ಬೋರ್ಡಿನಲ್ಲಿ ಒಂದು ಕೆಲಸದ ಕಾರ್ಡಿನ ಮೇಲೆ ನಿಮ್ಮ ಹೆಸರಿದೆ ಅಂದರೆ ಸದ್ಯಕ್ಕೆ ನೀವು ನೋಡಿಕೊಳ್ಳುತ್ತಿದ್ದೀರಿ, ಅಷ್ಟೇ. ಯಾರು ಏನು ಮಾಡಬೇಕು, ಯಾವಾಗ, ಹೇಗೆ ಅನ್ನುವುದನ್ನು ತಂಡವೇ ತೀರ್ಮಾನಿಸುತ್ತದೆ ಅಂತ ಹೀಗೆ ಕೆಲಸ ಮಾಡುವ ಪದ್ಧತಿಯಾದ ಸ್ಕ್ರಮ್‌ನ 2020ರ ಗೈಡ್‌ನಲ್ಲೂ ಇದೆ.

ಮೊದಲೇ ಗೊತ್ತಿರುವ ರಜೆ ಸುಲಭ. ಟಿಕೆಟ್ ಬುಕ್ ಮಾಡುವ ಮುಂಚೆ ತಂಡಕ್ಕೆ ಹೇಳಿ, ಸ್ಪ್ರಿಂಟ್ ಪ್ಲಾನಿಂಗ್‌ನಲ್ಲಿ ಅಷ್ಟು ಕಡಿಮೆ ಕೆಲಸ ತೆಗೆದುಕೊಳ್ಳುತ್ತಾರೆ. ವೆಲಾಸಿಟಿ, ಅಂದರೆ ಒಂದು ಸ್ಪ್ರಿಂಟ್‌ನಲ್ಲಿ ತಂಡ ಮುಗಿಸುವ ಕೆಲಸದ ಅಳತೆ, ಇಳಿಯುತ್ತದೆ. ಇಳಿಯಲೇಬೇಕು ಅಲ್ವಾ? ಉಳಿದವರು ರಾತ್ರಿ ಕೂತು ಸರಿದೂಗಿಸಬೇಕಾಗಿಲ್ಲ.

ಕಷ್ಟ ಇರುವುದು ಯಾರಾದರೂ ದಿಢೀರ್ ಅಂತ ಹುಷಾರಿಲ್ಲದೆ ಮಲಗಿದಾಗ. ಆಗ ನಮ್ಮಲ್ಲಿ ಡೈಲಿ ಸ್ಕ್ರಮ್ ಅನ್ನುವ ದಿನದ 15 ನಿಮಿಷದ ಸಭೆಯಲ್ಲಿ ಎಲ್ಲರೂ ಬೋರ್ಡ್ ನೋಡುತ್ತಾರೆ. ಹಿಂದಿನ ದಿನ ಅವರ ಕೋಡ್ ರಿವ್ಯೂ ಮಾಡಿದವರು "ಇದು ನಂಗೊತ್ತು, ನಾನು ಮುಂದುವರಿಸ್ತೀನಿ" ಅನ್ನುತ್ತಾರೆ. ಇನ್ನೊಂದು ಕಾರ್ಡ್ ಸ್ಪ್ರಿಂಟ್ ಗುರಿಗೆ ಬೇಕೇ ಬೇಕಾ ಅಂತ ನೋಡಿ, ಬೇಡವಾದರೆ ಯಾವ ಕೆಲಸ ಮೊದಲು ಅಂತ ನಿರ್ಧರಿಸುವ ಪ್ರಾಡಕ್ಟ್ ಓನರ್ ಜೊತೆ ಮಾತಾಡಿ ಮುಂದಕ್ಕೆ ಹಾಕುತ್ತಾರೆ. ಏನಾಗಿದೆ ಅಂತ ಯಾರೂ ಕೆದಕುವುದಿಲ್ಲ, ಎಷ್ಟು ದಿನ ಅನ್ನುವ ಅಂದಾಜು ಸಿಕ್ಕರೆ ಸಾಕು.

ಆದರೆ ಕೆಲಸ ಒಬ್ಬರ ತಲೆಯೊಳಗೇ ಇದ್ದರೆ ಇದ್ಯಾವುದೂ ನಡೆಯುವುದಿಲ್ಲ. ಹೊಸಬರು ಎಡವುವುದು ಇಲ್ಲೇ. ಪೂರ್ತಿ ಆದ ಮೇಲೆ ತೋರಿಸೋಣ ಅಂತ ಅರ್ಧ ಕೋಡನ್ನು ತಮ್ಮ ಹತ್ತಿರವೇ ಇಟ್ಟುಕೊಂಡಿರುತ್ತಾರೆ. ಅರ್ಧಂಬರ್ಧ ಇದ್ದರೂ ಪರವಾಗಿಲ್ಲ, ದಿನಾ ಸಂಜೆ ಬ್ರಾಂಚ್‌ಗೆ ಪುಶ್ ಮಾಡಿ, ಅಂದರೆ ತಂಡಕ್ಕೆಲ್ಲ ಸಿಗುವ ಕಡೆ ಹಾಕಿ. ಕಾರ್ಡಿನಲ್ಲಿ ಎರಡು ಸಾಲು ಬರೆಯಿರಿ: "ಲಾಗಿನ್ ಮುಗಿದಿದೆ. ಪಾಸ್‌ವರ್ಡ್ ಬದಲಾಯಿಸುವ ಟೆಸ್ಟ್ ಇನ್ನೂ ಫೇಲ್ ಆಗ್ತಿದೆ, ಟೋಕನ್ ಬೇಗ ಎಕ್ಸ್‌ಪೈರ್ ಆಗ್ತಿರಬಹುದು." ಇಷ್ಟಿದ್ದರೆ ಬೇರೆಯವರು ಅರ್ಧ ದಿನ ಸುಮ್ನೆ ಹುಡುಕಾಡುವುದು ತಪ್ಪುತ್ತದೆ. ನಿಮಗೊಬ್ಬರಿಗೇ ಗೊತ್ತಿರುವ ಭಾಗ ಇದ್ದರೆ ಹೋಗುವ ಹಿಂದಿನ ವಾರ ಇನ್ನೊಬ್ಬರ ಜೊತೆ ಕೂತು ಮಾಡಿ, ಕೀಬೋರ್ಡ್ ಅವರ ಕೈಲಿರಲಿ, ನೀವು ಪಕ್ಕದಲ್ಲಿ ನೋಡುತ್ತಿರಿ. ರಿಲೀಸ್ ಮಾಡುವ ಪರ್ಮಿಶನ್ ಬೇರೆ ಯಾರಿಗಿದೆ ಅಂತಲೂ ಕೇಳಿ, ಇದನ್ನು ಮರೆಯುವವರೇ ಜಾಸ್ತಿ.

ತಿಂಗಳುಗಟ್ಟಲೆ ರಜೆ ಆದರೆ ಮಾತು ಬೇರೆ, ಆಗ ತಂಡ ಇನ್ನೊಬ್ಬರನ್ನು ಕೇಳಬೇಕಾಗುತ್ತದೆ, ಅವರು ಕೆಲಸ ಕಲಿಯುವ ತನಕ ಎಲ್ಲರ ಕೆಲಸವೂ ಸ್ವಲ್ಪ ನಿಧಾನವಾಗುತ್ತದೆ. ನಿಮ್ಮ ಮೂರು ವಾರಕ್ಕೆ ಅದೆಲ್ಲ ಬೇಕಿಲ್ಲ.

ರಜೆಯಲ್ಲೂ ಮೆಸೇಜಿಗೆ ಉತ್ತರ ಕೊಡುವುದು ಒಳ್ಳೆತನ ಅಂತ ನಮಗನ್ನಿಸುತ್ತದೆ, ಹೊಸ ದೇಶದಲ್ಲಂತೂ ಒಳ್ಳೆ ಹೆಸರು ಉಳಿಸಿಕೊಳ್ಳುವ ಆತಂಕ ಇದ್ದೇ ಇರುತ್ತದೆ. ಆದರೂ ಬೇಡ. ನೀವು ಅಲ್ಲಿಂದಲೇ ತೊಡಕು ಬಿಡಿಸುತ್ತಾ ಹೋದರೆ ತಂಡ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅನ್ನುವುದು ಯಾರಿಗೂ ಕಾಣುವುದಿಲ್ಲ. ಎಲ್ಲೆಲ್ಲಿ ತೊಡಕಾಯಿತು ಅಂತ ಅವರು ಬರೆದಿಟ್ಟುಕೊಳ್ಳಲಿ, ವಾಪಸ್ ಬಂದ ಮೇಲೆ ರೆಟ್ರೋದಲ್ಲಿ, ಅಂದರೆ ಸ್ಪ್ರಿಂಟ್ ಕೊನೆಗೆ ಏನು ಸುಧಾರಿಸಬೇಕು ಅಂತ ತಂಡ ಮಾತಾಡುವ ಸಭೆಯಲ್ಲಿ, ಅದನ್ನೇ ಮೊದಲು ಎತ್ತಿ.