ಮರೆವಿಲ್ಲದವರನ್ನೇಕೆ ಅಧ್ಯಯನಕ್ಕೆ ಕರೆಯುತ್ತಾರೆ?

ಮರೆವೇ ಇಲ್ಲದ ನಿಮ್ಮ ತಾಯಿಯವರನ್ನು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ವೃದ್ಧಾಪ್ಯ ಅಧ್ಯಯನಕ್ಕೆ ಏಕೆ ಕರೆದಿದ್ದಾರೆಂದು ಕೇಳಿದ್ದೀರಿ. ನೆನಪು, ಯೋಚನಾಶಕ್ತಿ ಕುಂದುತ್ತಾ ಹೋಗುವ ಡಿಮೆನ್ಷಿಯಾ ಕಾಯಿಲೆಯನ್ನು ತರುವ ಮಿದುಳಿನ ಬದಲಾವಣೆಗಳು ಲಕ್ಷಣಗಳು ಕಾಣಿಸುವುದಕ್ಕೆ ಹಲವು ವರ್ಷ ಮೊದಲೇ ಆರಂಭವಾಗುವುದರಿಂದ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು 45 ವರ್ಷ ದಾಟಿದ, ಆ ಕಾಯಿಲೆಯಿಲ್ಲದ ಗ್ರಾಮೀಣರನ್ನೇ ಆರಿಸಿಕೊಂಡು, ನೆನಪಿನ ಪರೀಕ್ಷೆ, ರಕ್ತಪರೀಕ್ಷೆ, ಎಂಆರ್‌ಐ ಮುಂತಾದವುಗಳ ಮೂಲಕ ಅವರನ್ನು ವರ್ಷಗಟ್ಟಲೆ ಗಮನಿಸುತ್ತಾರೆ. ಇಂತಹ ದೀರ್ಘಕಾಲದ ಮಾಹಿತಿ ಬಹುಪಾಲು ಶ್ರೀಮಂತ ದೇಶಗಳದ್ದೇ ಆಗಿರುವುದರಿಂದ, ಓದುಬರಹವಿಲ್ಲದೆ ಹೊಲದಲ್ಲಿ ದುಡಿದವರ ಮುಪ್ಪನ್ನು ಅರಿಯಲು ನಿಮ್ಮ ತಾಯಿಯಂಥವರು ಸೇರುವುದು ಬಹಳ ಮುಖ್ಯವೆಂದು ನಾನು ನಂಬುತ್ತೇನೆ. ಆದರೆ ಇದು ಚಿಕಿತ್ಸೆಯಲ್ಲ. ತಪಾಸಣೆಯಲ್ಲಿ ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಕಂಡುಬಂದರೆ, ಅವು ಡಿಮೆನ್ಷಿಯಾದ ಅಪಾಯವನ್ನೂ ಹೆಚ್ಚಿಸುವುದರಿಂದ, ತಡಮಾಡದೆ ವೈದ್ಯರಿಗೆ ತೋರಿಸಿ. ಅಧ್ಯಯನದ ಒಪ್ಪಿಗೆ ಪತ್ರವನ್ನು ತಾಯಿಯವರಿಗೆ ಅರ್ಥವಾಗುವಂತೆ, ಮನೆಮಾತು ತೆಲುಗಾದರೆ ತೆಲುಗಿನಲ್ಲೇ, ಓದಿ ಹೇಳಲು ಕೇಳಿಕೊಳ್ಳಿ. ಯಾವಾಗ ಬೇಕಾದರೂ ಹಿಂದೆ ಸರಿಯುವ ಹಕ್ಕು ಅವರಿಗಿದೆ.